ಮೊಳೆ ಕಳಚುವ ಹೊತ್ತು

ಯೂರಿಕ್ ಆಸಿಡ್ ಎಂಟು ಪಾಯಿಂಟ್ ನಾಲ್ಕು.
ನಾನೇ ಅಳೆದೆ, ನಾನೇ ಸಹಿ ಹಾಕಿದೆ,
ದಾವಣಗೆರೆಯ ಬಿಸಿಲಲ್ಲಿ ಚೌಕಿಪೇಟೆಯವರೆಗೆ ನಾನೇ ಹಿಡಿದು ಬಂದೆ.
ಅಪ್ಪ ಹೆಬ್ಬೆರಳನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದ,
ಬದನೆಕಾಯಿ ಬಣ್ಣ. ದುಪ್ಪಟಿಯ ಅಂಚು ತಾಗಿದರೂ ಅಯ್ಯೋ.

"ಏನದು ಆಸಿಡ್ಡು? ನಾನೇನು ಕುಡಿದೆ?"

ಮೌನೇಶಾಚಾರಿ, ಮೂವತ್ತೊಂದು ವರ್ಷ ಕಂಪೋಜಿಟರ್.
ಇವನಿಗೆ ಹೇಳುವುದು ಸುಲಭ ಅಂದುಕೊಂಡೆ.
ಒಳಗೊಂದು ಗ್ರಂಥ ಇದೆ ಅಪ್ಪಾ, ಬೀರುವಿನಲ್ಲಿ, ಬೀಗ ಹಾಕಿ.
ಹೊರಗೆ ಬರುವುದು ಕರಪತ್ರ ಮಾತ್ರ, ಆರ್‌ಎನ್‌ಎ ಅಂತ.
ಹತ್ತಿ ಗಿರಣಿಯ ಬಾಗಿಲಿಗೆ ಅಂಟಿಸುತ್ತಿದ್ದರಲ್ಲ
ಶಿಫ್ಟಿನ ನೋಟೀಸು, ಅಷ್ಟೇ ಆಯುಸ್ಸು.
ಓದಿಯಾದ ಮೇಲೆ ಮೊಳೆ ಕಳಚುತ್ತಾರೆ.

"ಸೀಮೆಎಣ್ಣೇಲಿ ತೊಳೀತಾರೋ?"

ಅವನು ತೊಳೆಯುತ್ತಿದ್ದುದು ನೆನಪಿದೆ.
ಲಗ್ನಪತ್ರಿಕೆ ಮುಗಿದ ರಾತ್ರಿ. ವಧು ಮಂಗಳೆಯ 'ಳ'
ಬೆಳಗ್ಗೆ 'ಎಮ್ಮೆ ಕಳೆದಿದೆ' ಚೀಟಿಗೆ ಬೇಕು;
ಇದ್ದದ್ದೇ ಏಳು, ಒಂದಕ್ಕೆ ಮೂಗು ಮುರಿದಿತ್ತು.
ಕಣ್ಣು ಎಲ್ಲೋ, ಬೆರಳೇ ಖಾನೆ ಹುಡುಕುತ್ತಿತ್ತು,
ಟಿಕ್, ಟಿಕ್, ಭಟ್ಟಿಯಲ್ಲಿ ಮಂಡಕ್ಕಿ ಸಿಡಿದ ಹಾಗೆ.
ನಾನು ಮಗ್ಗಿ ಬಿಟ್ಟು ಅದನ್ನೇ ಎಣಿಸುತ್ತಿದ್ದೆ.

ಹೊಸದನ್ನೂ ಎರಕ ಹೊಯ್ಯಬಹುದು. ಜೀವಕೋಶಕ್ಕೂ ಫೌಂಡ್ರಿ ಇದೆ.
ದಪ್ಪ ಮೊಳೆಯಾದರೆ ಸಕ್ಕರೆಯ ತಳದ ಮೇಲೆ
ಗ್ಲೈಸಿನ್ ಇಡಿಯಾಗಿ, ಗ್ಲುಟಮಿನ್ನಿನಿಂದ ಸಾರಜನಕ,
ಬಿಟ್ಟುಬಿಡುವ ಉಸಿರಿನಿಂದಲೂ ಒಂದು ಇಂಗಾಲ.
ಹತ್ತು ಮೆಟ್ಟಿಲು, ದಾರಿಯುದ್ದ ಇದ್ದಿಲು ಸುರಿಯಬೇಕು.
ಕಳಚಿದ್ದನ್ನು ಎತ್ತಿಟ್ಟುಕೊಂಡರೆ ಒಂದೇ ಮೆಟ್ಟಿಲು.
ಕೆಂಪು ರಕ್ತಕಣಕ್ಕಂತೂ ಫೌಂಡ್ರಿಯೇ ಇಲ್ಲ,
ಮಂದಿಯ ಮೊಳೆ ಹೆಕ್ಕಿಯೇ ಅದರ ಸಂಸಾರ.

"ಎತ್ತಿಡದೆ ಬಿಟ್ರೆ?"
ಗುಡಿಸುತ್ತಾರೆ. ದಪ್ಪ ಮೊಳೆಗಳ ಆ ಕಸವೇ ಈ ಆಸಿಡ್.
ಹೊರಗೆ ಹೋಗಲಾರದ್ದು ತಣ್ಣಗಿನ ಮೂಲೆ ನೋಡಿ
ಹರಳಾಗಿ ಕೂರುತ್ತದೆ.

ಅಪ್ಪ ಬೆರಳನ್ನು ನೋಡಿದ, ಮೋಸ ಹೋದವನ ಹಾಗೆ.
ಪ್ರೆಸ್ಸು ಮುಚ್ಚಿದ ದಿನ, ಗುಜರಿಯವನು
ಕೇಜಿ ಲೆಕ್ಕದಲ್ಲಿ ಸೀಸ ತೂಗುವಾಗ
ನೆಲಕ್ಕೆ ಬಿದ್ದ ವಿಸರ್ಗವನ್ನೂ ಹೆಕ್ಕಿ ಕೊಟ್ಟವನು.
"ಹಂಗಾರೆ ನನ್ನೊಳಗೆ ಕೆಲಸಕ್ಕಿರೋರು ಸೋಮಾರಿಗಳು."
ಅಷ್ಟು ಸರಳವಲ್ಲ, ಮೂತ್ರಪಿಂಡದ ಪಾಲೂ ಇದೆ, ಅಂದೆ.
ಕೇಳಿಸಿಕೊಳ್ಳಲಿಲ್ಲ.

"ಒಟ್ಟು ಎಷ್ಟು ಅಕ್ಷರ?"
ನಾಲ್ಕು.
"ಒತ್ತು?"
ಇಲ್ಲ.
"ಕೊಂಬು, ಗುಡಿಸು, ದೀರ್ಘ?"
ಯಾವುದೂ ಇಲ್ಲ ಅಪ್ಪಾ.
ನಕ್ಕ. ನಕ್ಕದ್ದಕ್ಕೆ ಬೆರಳು ನೊಂದು ಮುಖ ಕಿವುಚಿದ.
"ನಾಲ್ಕೇ ಖಾನೆ. ಅದಕ್ಕೂ ಕೈ ತಪ್ತದಾ?
ಕಳಿಸು ಅವರನ್ನ ನನ್ನ ಹತ್ರ, ಒಂದು ವಾರ."