ಧಕಾರ ಹೆಚ್ಚಾದ ಆಟ

ಆಟ ಕಟ್ಟಿದ್ದು ದಾಮು ಆಚಾರಿ, ಎಣಿಸಿದ್ದು ನಾನು.
ಅಜ್ಮಾನಿನ ಮರದ ಶೆಡ್ಡು, ಕಂಪನಿ ಮುಗ್ಗರಿಸಿದ ಬೇಸಿಗೆ:
ನಾಲ್ಕು ತಿಂಗಳು ಸಂಬಳವಿಲ್ಲ, ಪಾಸ್‌ಪೋರ್ಟು ಕಪಾಟಿನಲ್ಲಿ,
ಕಪಾಟಿನ ಬೀಗದ ಕೈ ಕೈರೋದಲ್ಲಿ.

ಇಂಗ್ಲಿಷಿನದನ್ನು ಆಚಾರಿ ನೋಡಿದ್ದ,
ಎಂಜಿನಿಯರನ ಮನೆಗೆ ಕಿಟಕಿ ಕೂರಿಸಲು ಹೋದಾಗ.
ಯಾವನೋ ಕೆಲಸ ಹೋದವನು ಕೂತು
ಪೇಪರಿನ ಅಕ್ಷರ ಎಣಿಸಿ ಮಾಡಿದ್ದಂತೆ ಅದು.
"ಕೆಲಸ ನಮಗೂ ಇಲ್ಲವಲ್ಲ" ಎಂದ,
ಉಳಿ ಎತ್ತಿಕೊಂಡ.

ನಮಗೆ ಸಿಕ್ಕ ಪೇಪರು ಒಂದೇ ಹಾಳೆ,
ಪುತ್ತಬ್ಬನ ಒಣಮೀನು ಸುತ್ತಿ ಬಂದದ್ದು.
ಮೂರು ರಾತ್ರಿ ಎಣಿಸಿದೆ, ಬೆಂಕಿಕಡ್ಡಿ ಜೋಡಿಸಿ.
ರ ಬಹಳ, ನ ಬಹಳ, ದ ಲ ತ ಸಾಕಷ್ಟು,
ಙ ಪತ್ತೆಯೇ ಇಲ್ಲ; ಞ ಒಂದು,
ಅದೂ ಜಕಾರದ ಕಾಲಡಿಯಲ್ಲಿ.
ಪಾಪ ಅನಿಸಿ ಅದಕ್ಕೆ ಹತ್ತು ಅಂಕ ಕೊಟ್ಟೆವು.

ಒತ್ತಕ್ಷರ ಎಲ್ಲಿ ಇಡುವುದು? ಇದೇ ಜಗಳ ಹತ್ತು ದಿನ.
ಕೊನೆಗೆ ಆಚಾರಿ ಬಿಲ್ಲೆಬಿಲ್ಲೆಯ ಬುಡಕ್ಕೂ ಕಚ್ಚು ಕೊರೆದ,
ಒತ್ತು ಬಂದು ಕೂರಲಿ, ಚೌಕಟ್ಟಿಗೆ ಅಗುಳಿ ಕೂತ ಹಾಗೆ.
ಕೊಂಬು, ಇಳಿ, ದೀರ್ಘ ಮಾತ್ರ ಸೀಮೆಸುಣ್ಣದಲ್ಲಿ, ಪುಕ್ಕಟೆ.

ನಿಘಂಟು ಯಾರ ಪೆಟ್ಟಿಗೆಯಲ್ಲಿತ್ತು?
ಊರಿಗೆ ಬರೆದ ಕಾಗದದಲ್ಲಿ ಆ ಮಾತಿದ್ದರೆ ಸಿಂಧು, ಇಲ್ಲದಿದ್ದರೆ ಇಲ್ಲ.
ಆಚಾರಿಗೆ ತುಳು, ಪುತ್ತಬ್ಬನಿಗೆ ಬ್ಯಾರಿ, ನನಗೆ ಕೊಂಕಣಿ.
ಕನ್ನಡ ಮನೆಮಾತಾದವನು ರಾಯಚೂರಿನ ಹುಲುಗಪ್ಪನೊಬ್ಬ;
ದಿನಾ ಸೋಲುತ್ತಿದ್ದ.
ಓದಲು ಬರುತ್ತಿತ್ತು, ಬರೆಯಲು ಕೈ ಏಳದು,
ಕಾಗದ ಬರೆಸುತ್ತಿದ್ದುದು ನನ್ನಿಂದ.
'ಚಲೋ ಅದೀನಿ' ಅಂದರೆ ನಾನು
'ಕ್ಷೇಮವಾಗಿದ್ದೇನೆ' ಎಂದು ಗೀಚುತ್ತಿದ್ದೆ.

ಒಂದು ಶುಕ್ರವಾರ ಅವನು 'ಬಾಕಿ' ಇಟ್ಟು ಕೂಗಿದ.
ಬಾಗಿಲ ಬಳಿಯ ಸುಡಾನಿ ಕಾವಲುಗಾರ ಇದ್ರೀಸ್ ತಿರುಗಿದ:
ಬಾಕಿ? ನಮ್ಮ ಮಾತಲ್ಲವೇ ಅದು?
ಖಾಲಿ, ವಸೂಲಿ, ಹಾಜರು, ತಾರೀಖು
ಒಂದೊಂದೇ ಇಟ್ಟು ತೋರಿಸಿದೆವು,
ಸಿಕ್ಕಿಬಿದ್ದ ಕಳ್ಳರು ಮಾಲು ಒಪ್ಪಿಸಿದ ಹಾಗೆ.
ಮಾಲೂ ನಮ್ಮದೇ, ಎಂದು ನಕ್ಕ.

ಧ ಯಾಕೆ ಇಷ್ಟೊಂದು ಎಂದು ಪುತ್ತಬ್ಬ ಕೇಳಿದ್ದು
ತಿಂಗಳಾದ ಮೇಲೆ.
ಹಾಳೆ ತೆಗೆದು ಉಪ್ಪು ಕೊಡವಿ ನೋಡಿದೆವು.
ನಿಧನದ ಪುಟ.
ಬದಲಾಯಿಸಲಿಲ್ಲ. ಅಷ್ಟು ಹೊತ್ತಿಗೆ ಧಗೆ, ಧೂಳು, ಬಂಧು, ಮಧು
ಆಡಿ ಅಭ್ಯಾಸವಾಗಿತ್ತು.

ಮಣೆ ಎಂದರೆ ಮಾರದೆ ಉಳಿದ ಒಂದು ಪ್ಲೈವುಡ್ ಬಾಗಿಲು,
ಅಡ್ಡ ಮಲಗಿಸಿ ಗೆರೆ ಹೊಡೆದದ್ದು.
ಸಂಬಳ ಬಂದ ವಾರ ಅದಕ್ಕೂ ಗಿರಾಕಿ ಬಂದ.
ಆಚಾರಿ ಮಾತಾಡದೆ ಇನ್ನೂರಿಪ್ಪತ್ತೈದು ಮನೆಗಳ ಮೇಲೆ
ಒಂದೇ ವೆನೀರು ಅಂಟಿಸಿದ, ಪಾಲಿಶು ಕೊಟ್ಟ.
ಈಗ ಯಾವ ವಿಲ್ಲಾದಲ್ಲಿ ತೆರೆದು ಮುಚ್ಚುತ್ತಿದೆಯೋ.
ಪೆನ್ಸಿಲಿನ ಲೆಕ್ಕ ಒಳಗೆ ಹಾಗೇ ಇರಬೇಕು:
ಹುಲುಗಪ್ಪ, ಮೂವತ್ತೆಂಟು, ಬಾಕಿ.