ಬ್ಯಾಕ್ ಅಪ್

ಜೆಪ್ಪುವಿನ ಸಂಜೆ ಕ್ಲಾಸಿನಲ್ಲಿ ಟೀಚರ್ ಬರೆದರು:
ಬ್ಯಾಕ್ ಅಪ್ ಅಂದರೆ ಬೆನ್ನಿಗೆ ನಿಲ್ಲುವುದು.
ಕೆಳಗೆ, ಸಣ್ಣಕ್ಷರದಲ್ಲಿ,
ಹಿಂದಕ್ಕೆ ಸರಿಯುವುದು ಸಹ.
ಒಂದೇ ಮಾತಿಗೆ ಇದೆಂಥ ಎರಡು ನಾಲಗೆ ಅಂತ
ನಾನೊಬ್ಬಳೇ ನಕ್ಕೆ.

ಮರುದಿನ ಗೇರುಬೀಜದ ಕಾರ್ಖಾನೆ.
ತೂಕದಲ್ಲಿ ಮೋಸ ಯಾಕೆ, ಕೇಳಲು ಹೋದವಳು ನಾನು.
‘ನೀನು ಮಾತಾಡು ಮಾರಾಯ್ತಿ, ನಾವಿದ್ದೇವೆ’
ಅಂದವರು ಹನ್ನೊಂದು ಮಂದಿ.
ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದ, ಅಷ್ಟೇ.
ಹಿಂದೆ ಚಪ್ಪಲಿಗಳು ಸರಿದವು,
ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ರಿವರ್ಸ್ ತೆಗೆದ ಹಾಗೆ.

ತಿರುಗಿ ನೋಡಲಿಲ್ಲ.
ತೊಡೆ ನಡುಗುತ್ತಿತ್ತು,
ಕಿಲೋ ಲೆಕ್ಕ ಮಾತ್ರ ತಪ್ಪಲಿಲ್ಲ.

ರಾತ್ರಿ ಬಟ್ಟೆ ಒಗೆಯುವಾಗ ಕಂಡೆ:
ರವಿಕೆಯ ಬೆನ್ನಿನಲ್ಲಿ ಗೇರೆಣ್ಣೆಯ ಕಪ್ಪು,
ಒತ್ತಿ ಹಿಡಿದ
ನಾಲ್ಕೂವರೆ ಬೆರಳು.

ಸೆವ್ರಿನ್ ಬಾಯಿಯದ್ದೇ.
ಸೋಪು ಕೆಳಗಿಟ್ಟೆ.