ಹದಿನಾಲ್ಕು ಅಂಗಿ

ಪ್ಲಮ್‌ಸ್ಟೆಡ್ ಬೀದಿಯಲ್ಲಿ ಭಾನುವಾರ ಬೆಳಗ್ಗೆ
ಮೊದಲು ತೆರೆಯುವುದು ಇಗರ್ಜಿಯ ಬಾಗಿಲಲ್ಲ,
ಮನಸ್ಸೆ ಅಮ್ರೋಮಾರೆಯ ಲಾಂಡ್ರಿಯದು.
ಮನಸ್ಸೆ. ಕರೆದಾಗಲೆಲ್ಲ
ನನ್ನನ್ನೇ ಕೂಗಿಕೊಂಡ ಹಾಗಿರುತ್ತದೆ.
ರಾತ್ರಿಪಾಳಿ ಮುಗಿಸಿ ಚೀಲ ಹೊತ್ತು ಬಂದರೆ
ಏಳನೇ ಮೆಷಿನ್ನಿಗೆ ಬೆನ್ನು ಕೊಟ್ಟು ಕೂತಿರುತ್ತಾನೆ.
ಅದೊಂದೇ ನಡುಗುವುದು, ಸೊಂಟಕ್ಕೆ ಹಿತವಂತೆ.

"ನಾನು ಆಡಿದವನಲ್ಲ," ಮೊದಲ ದಿನವೇ ಹೇಳಿಬಿಟ್ಟ,
"ಆಡಿದವರ ಅಂಗಿ ಒಗೆದವನು."
ಸಪೆಲೆ. ನದಿಯ ಪಕ್ಕ ಮರದ ಮಿಲ್ಲು.
ಮಿಲ್ಲಿನದೇ ತಂಡ, ಟಿಂಬರ್ ರೋವರ್ಸ್.
ದಿಮ್ಮಿ ಎಳೆಯುವವರು, ಗರಗಸದವರು,
ಎರಡು ಬೆರಳಿಲ್ಲದ ಒಬ್ಬ ಗೋಲ್‌ಕೀಪರು.
"ಎಂಟೇ ಬೆರಳು. ಆ ವರ್ಷ ಬಿಟ್ಟದ್ದೂ ಎಂಟೇ ಗೋಲು."
(ಸುಳ್ಳಿರಬೇಕು. ನಾನು ಕೆದಕಿಲ್ಲ.)

ಗೆದ್ದರು. ಜಿಲ್ಲೆ ಗೆದ್ದರು, ರಾಜ್ಯ ಗೆದ್ದರು,
ಬೆನಿನ್‌ನಲ್ಲಿ ಗೆದ್ದ ರಾತ್ರಿ ಮಿಲ್ಲಿನ ಸೀಟಿ
ಬೆಳಗಿನವರೆಗೂ ಕೂಗಿತಂತೆ,
ಮ್ಯಾನೇಜರ್ ತಾನೇ ಹಗ್ಗಕ್ಕೆ ಜೋತುಬಿದ್ದು.
ಬಿಳಿ ಅಂಗಿ. ಕೆಮ್ಮಣ್ಣಿನ ನೆಲ.
"ಯಾವ ಹುಚ್ಚ ಆರಿಸಿದನೋ ಆ ಬಣ್ಣ!
ಹದಿನಾಲ್ಕು ಅಂಗಿ, ಎರಡು ಬಾರ್ ಸೋಪು, ಒಂದು ನದಿ.
ಎಷ್ಟು ಉಜ್ಜಿದರೂ ಕಂಕುಳಲ್ಲಿ
ಊರು ಒಂದಿಷ್ಟು ಉಳಿದುಬಿಡುತ್ತಿತ್ತು."

ಆಮೇಲಿನದನ್ನು ಅವನು ಕ್ರಮವಾಗಿ ಹೇಳುವುದಿಲ್ಲ.
ಒಂದು ಭಾನುವಾರ ಬಸ್ಸು ಮಾರಿದ್ದು,
ಇನ್ನೊಂದು ಭಾನುವಾರ, ಅದಕ್ಕೂ ಮುಂಚಿನ ಮಾತು,
ಸಂಬಳದ ಬದಲು ಹಲಗೆ ಕೊಟ್ಟದ್ದು.
ಲೆಫ್ಟ್ ವಿಂಗಿನ ಇಡಾಮಾ ಆ ಹಲಗೆಯಲ್ಲೇ
ಮಂಚ ಮಾಡಿಸಿ ಅದರ ಮೇಲೇ ಸತ್ತದ್ದು.
ಗೋಲಿನ ಕಂಬ ಯಾರದೋ ಅಡುಗೆಮನೆಗೆ ತೊಲೆಯಾಯಿತು.
ಮೈದಾನಕ್ಕೆ ಮರಗೆಣಸು ಬಿತ್ತು.
ನಟ್ಟನಡುವಿನ ವೃತ್ತದಲ್ಲಿ ಮಾತ್ರ ಏನೂ ಏಳಲಿಲ್ಲವಂತೆ,
ಅಷ್ಟು ತುಳಿದಿದ್ದರು.

ಒದ್ದೆ ಬಟ್ಟೆ ಹಿಡಿದು ಸುಮ್ಮನೆ ನಿಂತೆ.
ನನ್ನದೂ ಗಣಿಯ ಊರು, ಕೋಲಾರದ ಕಡೆ.
ಸೈರನ್ನು ನಿಂತ ದಿನ, ಗಡಿಯಾರ ಇದ್ದವರೂ
ಊಟದ ಹೊತ್ತು ಮರೆತರು.
ಅಪ್ಪ ಶಾಫ್ಟಿನಿಂದ ಮೇಲೆ ಬಂದವನು ಮೈ ತೊಳೆಯದೆ
ಸುಣ್ಣದ ಡಬ್ಬಿ ಹಿಡಿದು ಮೈದಾನಕ್ಕೆ ಗೆರೆ ಎಳೆಯುತ್ತಿದ್ದ.
ಗಣಿ ಮುಚ್ಚಿದ ಮೇಲೂ ಎರಡು ವರ್ಷ ಎಳೆದ.
ಆಡುವವರಿರಲಿಲ್ಲ. ಸೈನೈಡ್ ದಿಬ್ಬದ ಪುಡಿ ಹಾರಿ ಬಂದು
ಗೆರೆಯ ಮೇಲೆ ಕೂರುತ್ತಿತ್ತು, ತಾನೂ ಗೆರೆಯೆಂಬಂತೆ.
ಮನಸ್ಸೆಗೆ ಇದನ್ನೆಲ್ಲ ಹೇಳಿದೆ.
ಅವನು ಕೇಳಿದ್ದು ಒಂದೇ:
"ಗೆರೆ ನೆಟ್ಟಗಿತ್ತಾ?"

ಮಾರ್ಚಿನಲ್ಲಿ ಫೋನು ಬಂತು. ಇಡಾಮಾನ ಮಗಳು
ರುಕೆವ್ವೆ, ನೀರಿನ ಪೊಟ್ಟಣ ಮಾರುವವಳು.
ಮರಗೆಣಸು ಕಿತ್ತಿದ್ದಾಳೆ, ಬೆಳೆದವರ ಕೈಗೆ ದುಡ್ಡಿಟ್ಟೇ.
ಬಿದಿರಿನ ಗೋಲು. ತೀರಾ ಕೆಳಗಿನ ಡಿವಿಷನ್ನು.
ಹುಡುಗರಿದ್ದಾರೆ, ಅಂಗಿಯಿಲ್ಲ.

ನಮ್ಮ ಬೀದಿಕೊನೆಯ ಪಬ್ಬಿಗೂ ಒಂದು ತಂಡವಿತ್ತು.
ಪಬ್ಬು ಈಗ ಫ್ಲ್ಯಾಟು. ಒಗೆಯಲು ಕೊಟ್ಟ ಅಂಗಿ ಒಯ್ಯಲು
ಆರು ವರ್ಷದಿಂದ ಯಾರೂ ಬಂದಿಲ್ಲ.
ಕಪಾಟಿನಿಂದ ಇಳಿಸಿದ. ಎಣಿಸಿದ. ಹದಿಮೂರು.
ಮತ್ತೆ ಎಣಿಸಿದ.
ಎದೆಯ ಮೇಲೆ ಹಾರ್ಪರ್ ಎಂಬ ನಲ್ಲಿ ರಿಪೇರಿಯವನ ನಂಬರು;
ಸಪೆಲೆಯಲ್ಲಿ ಯಾರ ನಲ್ಲಿ ಸೋರಿದರೂ ಇನ್ನು ಅವನಿಗೇ ಕರೆ.
ಹಸಿರು ಬಣ್ಣ. "ದೇವರಿದ್ದಾನೆ," ಅಂದ, "ಬಿಳಿಯಲ್ಲ."
ಹದಿನಾಲ್ಕನೆಯದನ್ನು ನಾನು ಹೊಲಿದೆ,
ಆಸ್ಪತ್ರೆಯ ಆಪರೇಷನ್ ಬಟ್ಟೆಯಲ್ಲಿ.
ಕದ್ದದ್ದೇ. ಹಸಿರು ಒಂದು ಎಳೆ ಬೇರೆ;
ಗೋಲ್‌ಕೀಪರಿಗಾಯಿತು.

ಇವತ್ತು ಮೊದಲ ಪಂದ್ಯ. ಮನೆಗೆ ಹೋಗಿ ಮಲಗಲಿಲ್ಲ.
ಫೋನನ್ನು ಸೋಪಿನ ಡಬ್ಬಿಗೆ ಒರಗಿಸಿದ್ದೇವೆ.
ಚಿತ್ರವಿಲ್ಲ, ಬರೀ ಸದ್ದು:
ಗಾಳಿ, ಒಂದು ಆಡು, ರುಕೆವ್ವೆಯ ಕೂಗು,
ಕಟ್ಟು. ಮತ್ತೆ ಗಾಳಿ.
ಸೊನ್ನೆ–ಎರಡು, ನಮ್ಮದು ಸೊನ್ನೆ.
ಸರಿಯಾಗಿ ಕೇಳಲೆಂದು ಏಳನೇ ಮೆಷಿನ್ನು ಆರಿಸಿದ;
ಒಳಗೆ ನನ್ನ ಯೂನಿಫಾರ್ಮು
ಎತ್ತಿದ ತೋಳನ್ನು ಹಾಗೇ ಎತ್ತಿ ನಿಂತಿತು.
"ಅಲ್ಲಿ ಮಳೆಯಾ?" ಫೋನಿನೊಳಗೆ ಅರಚುತ್ತಿದ್ದಾನೆ,
"ನೆಲ ಹೇಗಿದೆ? ಅಂಗಿಗೆ ಹತ್ತಿದೆಯಾ?"

ಹತ್ತಿದೆಯಂತೆ.

"ಬಿಸಿನೀರು ಮುಟ್ಟಿಸಬೇಡಿ,
ಕೇಳಿಸಿತಾ? ಮೊದಲು ತಣ್ಣೀರು."